ಮಗ್ಗದ ಹಿಂದೆ ಕೂತವನು

ಮಗ್ಗದ ಕೆಲಸಕ್ಕೆ ಹೊಸದಾಗಿ ಸೇರಿದ ತರುಣರು ಈಗಲೂ ಆಗಾಗ ನನ್ನ ಬಳಿ ಬಂದು ಕೂರುತ್ತಾರೆ. ಮನೆಯಲ್ಲಿ ಕೂತ ಮುದುಕನಿಗೆ ಬೇರೆ ಉದ್ಯೋಗವಿಲ್ಲ, ಕೇಳಿದರೆ ಹೇಳುತ್ತಾನೆ ಎಂದು ಅವರಿಗೆ ಗೊತ್ತು. "ಕಾಕಾ, ನೀವು ಹೆಂಗ ಜಾಬರ್ ಆದ್ರಿ, ಅದನ್ನ ಹೇಳ್ರಿ" ಎನ್ನುತ್ತಾರೆ. ಅದರಲ್ಲಿ ಹೇಳುವಂಥದ್ದು ಏನೂ ಇಲ್ಲ. ಮುಂದಿದ್ದವರು ಒಬ್ಬೊಬ್ಬರಾಗಿ ಮನೆಗೆ ಹೋದರು, ಹಿಂದಿದ್ದ ನಾನು ಮುಂದೆ ಬಂದೆ, ಅಷ್ಟೆ. ಹೇಳಬೇಕಾದದ್ದು ಬೇರೆ ಇದೆ. ಇಪ್ಪತ್ತೊಂದನೆಯ ವಯಸ್ಸಿನಲ್ಲಿ ನಾನು ಯಾವ ದಿಕ್ಕಿಗೆ ಮುಖ ಮಾಡಿ ನಿಂತಿದ್ದೇನೆಂದು ನನಗೇ ತಿಳಿದಿರಲಿಲ್ಲ. ಆಮೇಲೆ ದಿಕ್ಕು ಸಿಕ್ಕಿತು. ಅದು ಹೇಗೆ ಸಿಕ್ಕಿತೆಂದು ಕೇಳಿದರೆ, ಇಷ್ಟು ವರ್ಷ ಯೋಚಿಸಿದ ಮೇಲೂ ಒಂದು ಉತ್ತರ ಕೊಡಲು ನನಗೆ ಬರುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ನೀವೇ ನೋಡಿಕೊಳ್ಳಿ.

ನಮ್ಮದು ಗಡಹಿಂಗ್ಲಜ. ಅಪ್ಪ ಅಲ್ಲಿ ಬೆಲ್ಲದ ಪೇಟೆಯಲ್ಲಿ ಹಮಾಲಿ ಮಾಡುತ್ತಿದ್ದ. ನಾನು ಮ್ಯಾಟ್ರಿಕ್‌ನಲ್ಲಿ ಎರಡು ಸಲ ನಪಾಸಾದೆ. ಮೊದಲ ಸಲ ಗಣಿತದಲ್ಲಿ, ಎರಡನೆಯ ಸಲ ಗಣಿತ ಒಂದನ್ನು ಬಿಟ್ಟು ಉಳಿದೆಲ್ಲದರಲ್ಲಿ. ಆಮೇಲೆ ಕೊಲ್ಲಾಪುರಕ್ಕೆ ಹೋದೆ. ಅಲ್ಲಿ ಎರಡು ತಿಂಗಳು ಸೈಕಲ್ ಅಂಗಡಿ, ಒಂದು ಮಳೆಗಾಲ ಟೇಲರ್ ಅಂಗಡಿ, ಅದೂ ಬರೀ ಕಾಜಾ ಮಾಡುವ ಕೆಲಸ. ಆಮೇಲೆ ಫೋಟೋಕ್ಕೆ ಕಟ್ಟು ಹಾಕುವ ಅಂಗಡಿ. ಆ ಅಂಗಡಿಯಲ್ಲಿ ಒಂದು ದಿನ ತೀರಿಹೋದ ಯಜಮಾನರೊಬ್ಬರ ಫೋಟೋಕ್ಕೆ ಬಂಗಾರದ ಬಣ್ಣದ ಬಳ್ಳಿ ಬಳ್ಳಿ ಕಟ್ಟನ್ನೂ, ಹೊಸದಾಗಿ ಮದುವೆಯಾದವರ ಫೋಟೋಕ್ಕೆ ದಪ್ಪ ಕರಿ ಕಟ್ಟನ್ನೂ ಹಾಕಿ ಕಳಿಸಿಬಿಟ್ಟೆ. ಮದುಮಗಳ ತಂದೆ ಅಂಗಡಿಗೆ ಬಂದು ಆಡಿದ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ. ಮಾಲಕ ನನ್ನನ್ನು ಬೈಯಲೂ ಇಲ್ಲ. "ನಿನ್ನ ಮನಸ್ಸು ಇಲ್ಲಿ ಇಲ್ಲ, ಅದು ಎಲ್ಲಿ ಐತಿ ಹುಡಕಿಕೋ ಹೋಗಪ್ಪಾ" ಎಂದ. ನಾನು ರಂಕಾಳ ಕೆರೆಯ ದಂಡೆಯ ಮೇಲೆ ಕೂತು ನಿಜವಾಗಿಯೂ ಹುಡುಕಿದೆ. ಎಲ್ಲೂ ಇರಲಿಲ್ಲ.

ನನ್ನ ಸ್ವಾದರಮಾವ ರಾಯಪ್ಪ ಇಚಲಕರಂಜಿಯಲ್ಲಿ ಪವರ್‌ಲೂಮ್ ಮೇಲೆ ನೇಯುತ್ತಿದ್ದ. ಅವ್ವ ಅವನಿಗೆ ಹೇಳಿ ಕಳಿಸಿದ್ದಳು. ಕೊಲ್ಲಾಪುರಕ್ಕೆ ಬಂದು ನನ್ನ ಖೋಲಿಯ ಬಾಗಿಲಲ್ಲಿ ನಿಂತವನೇ, "ಬಾಳ್ಯಾ, ಕೆಲಸಿಲ್ಲದ ಬಡಿಗ್ಯಾ ಮಗನ ಕುಂಡಿ ಕೆತ್ತಿದ್ನಂತ. ನಿನಗಂತೂ ಕೆತ್ತಾಕ ಮಗನೂ ಇಲ್ಲ. ಗಂಟು ಕಟ್ಟು, ನಡಿ" ಎಂದ. ಹಾತಕಣಂಗಲೆವರೆಗೆ ರೈಲು, ಅಲ್ಲಿಂದ ಬಸ್ಸು. ದಾರಿಯುದ್ದಕ್ಕೂ ಮಾವ ಮಾತಾಡಿದ, ನಾನು ಕಿಟಕಿಯಾಚೆ ನೋಡಿದೆ.

ಮಗ್ಗದ ಶೆಡ್ಡಿನ ಸಪ್ಪಳವನ್ನು ನಿಮಗೆ ಹೇಳಬೇಕಾಗಿಲ್ಲ, ನೀವೇ ಅದರಲ್ಲಿ ನಿಂತಿರುತ್ತೀರಿ. ಮೊದಲ ಮೂರು ದಿನ ಯಾರು ಏನು ಹೇಳಿದರೂ ನನಗೆ ಬರೀ ತುಟಿ ಕಂಡವು. ಎಣ್ಣೆ ಬಿಡು ಎಂದರೆ ನೀರು ತಂದೆ, ನೀರು ಎಂದರೆ ಪೊರಕೆ ತಂದೆ. ನಾಲ್ಕನೆಯ ದಿನ ಮಾವನ ಒಂದು ಮಗ್ಗದ ಮೇಲಿನ ಹಾಸಿನ ನೂಲು ಮುಗಿಯಿತು. ಬಟ್ಟೆ ಇಳಿಸಿದರು. ಹೊಸ ನೂಲು ಸುತ್ತಿದ ಬೀಮು ಬರುವವರೆಗೆ ಮಗ್ಗ ಸ್ವಚ್ಛ ಮಾಡು ಎಂದು ಮಾವ ಸನ್ನೆ ಮಾಡಿ ಚಹಾಕ್ಕೆ ಹೋದ. ಮಗ್ಗದ ಹಿಂದೆ ಹಳೆಯ ನೂಲಿನ ತುದಿಗಳು ಒಂದು ಮೊಳದಷ್ಟು ಜೋತು ಬಿದ್ದಿದ್ದವು. ಎಣ್ಣೆ, ದೂಳು, ಹತ್ತಿಯ ಜುಂಜು ಎಲ್ಲ ಹತ್ತಿಕೊಂಡು ನೋಡಲು ಹೊಲಸಾಗಿದ್ದವು. ಕತ್ತರಿ ಅಲ್ಲೇ ಇತ್ತು. ಎಲ್ಲವನ್ನೂ ಕತ್ತರಿಸಿ, ಮುಂದೆ ಉಳಿದ ಚೂರುಗಳನ್ನೂ ಎಳೆದು ತೆಗೆದು, ಮಗ್ಗವನ್ನು ಲಕಲಕ ಮಾಡಿ ಇಟ್ಟೆ. ಕೊಲ್ಲಾಪುರ ಬಿಟ್ಟ ಮೇಲೆ ಮೊದಲ ಸಲ ಒಂದು ಕೆಲಸವನ್ನು ಪೂರ್ತಿ ಮಾಡಿದೆನೆಂದು ಖುಷಿಯೂ ಆಯಿತು.

ನೇಕಾರರ ಮನೆಯ ಮಗುವೂ ಮಾಡದ ತಪ್ಪು ಅದು. ಹಳೆಯ ಎಳೆಯ ಬಾಲವನ್ನು ಯಾರೂ ಕತ್ತರಿಸುವುದಿಲ್ಲ. ಆ ಒಂದೊಂದು ಎಳೆಯೂ ವಯಿಯ ಕಣ್ಣಿನೊಳಗೆ, ಅಂದರೆ ನಡುವೆ ಕಣ್ಣುಳ್ಳ ದಾರದ ಕುಣಿಕೆಯೊಳಗೆ ಹಾಯ್ದು, ಅಲ್ಲಿಂದ ಉಕ್ಕಿನ ಬಾಚಣಿಗೆಯಂಥ ಫಣಿಯ ಹಲ್ಲುಗಳ ನಡುವೆ ಬಂದಿರುತ್ತದೆ. ಹೊಸ ಬೀಮು ಬಂದಾಗ ಹೊಸ ಎಳೆಯನ್ನು ಹಳೆಯ ಎಳೆಗೆ ಗಂಟು ಹಾಕಿ ಎಳೆದರೆ ಸಾಕು, ಹಳೆಯದು ಹೊಸದಕ್ಕೆ ದಾರಿ ತೋರಿಸುತ್ತದೆ. ಬಾಲ ಹೋಯಿತೋ, ದಾರಿಯೂ ಹೋಯಿತು. ಎರಡು ಸಾವಿರ ಎಳೆಗಳನ್ನು ಒಂದೊಂದಾಗಿ, ಒಂದೊಂದು ಕಣ್ಣಿನಲ್ಲಿ ಮತ್ತೆ ಮೊದಲಿನಿಂದ ತುಂಬಬೇಕು.

ನಮ್ಮ ಮಾಲಕರು ಮರಾಠಿ ಮಾತಾಡುವವರು. ಸಿಟ್ಟು ಬಂದಾಗ ಮಾತ್ರ ಕನ್ನಡ ಆಡುತ್ತಿದ್ದರು, ಬೈದದ್ದು ನಮಗೆ ಸರಿಯಾಗಿ ತಿಳಿಯಲಿ ಎಂದು.

"ಯಾರ್ ಹೇಳ್ಯಾರ ನಿನಗ ಕತ್ತರ್ಸಂತ?"

"ಯಾರೂ ಹೇಳಿಲ್ರಿ. ಸ್ವಚ್ಛ ಮಾಡಂದ್ರು, ಮಾಡಿದೆ."

ಜಾಬರ್ ದತ್ತೂಬಾ, ಅಂದರೆ ಆ ಶೆಡ್ಡಿನ ಮಗ್ಗಗಳನ್ನೆಲ್ಲ ರಿಪೇರಿ ಮಾಡುವ ಯಜಮಾನ, ಪಕ್ಕದಲ್ಲಿ ನಿಂತಿದ್ದ. "ಘಾಣ ಸಮಜೂನ ಶೇಪ್ಟೀಚ ಕಾಪಲೀ" ಎಂದ. ಹೊಲಸೆಂದು ತಿಳಿದು ಬಾಲವನ್ನೇ ಕೊಯ್ದ ಎಂದರ್ಥ. ಇಡೀ ಶೆಡ್ಡು ನಕ್ಕಿತು. ಮುಂದೆ ಹತ್ತು ವರ್ಷ ನನ್ನ ಅಡ್ಡಹೆಸರು ಶೇಪಟಿ ಎಂದೇ ಉಳಿಯಿತು. ಮಾಲಕರು ನನ್ನನ್ನು ಅವತ್ತೇ ಅಟ್ಟಿಬಿಡುತ್ತಿದ್ದರು. ಮಾವ ಕೈ ಮುಗಿದದ್ದಕ್ಕೆ, "ಫಣಿ ತುಂಬಾಕ ಕಲ್ಲಪ್ಪ ಬರ್ತಾನ. ಇವನು ಹಿಂದ ಕೂತು ಎಳಿ ಕೊಡಲಿ. ಎರಡು ಸಾವಿರ ಎಳಿ ಕೈಯಾಗ ಹಿಡದ ಮ್ಯಾಲೆ ಬುದ್ಧಿ ಬಂದ್ರ ಬರಲಿ" ಎಂದರು.

ಹೀಗೆ ನಾನು ಮಗ್ಗದ ಹಿಂದೆ ಕೂತೆ.

ಕಲ್ಲಪ್ಪ ಮೂಲತಃ ಕಾಗಲ ತಾಲೂಕಿನ ಸುಳಕೂಡದವರು. ಐವತ್ತು ದಾಟಿದ, ಅಗಲ ಬೆನ್ನಿನ, ಮಾತು ಕಡಿಮೆಯ ಮನುಷ್ಯ. ಫಣಿ ತುಂಬುವುದರಲ್ಲಿ ಅವರ ಹೆಸರು ದೊಡ್ಡದು. ಎಂಥ ಕಠಿಣ ದಡಿಯ ಸೀರೆಯಾದರೂ ಯಾವ ಎಳೆ ಯಾವ ಕಣ್ಣಿಗೆ ಎಂಬ ಲೆಕ್ಕವೆಲ್ಲ ಅವರ ತಲೆಯಲ್ಲಿತ್ತು, ಕಾಗದದಲ್ಲಿ ಅಲ್ಲ. ಶೆಡ್ಡಿನಿಂದ ಶೆಡ್ಡಿಗೆ ಅವರನ್ನು ಕರೆಯುತ್ತಿದ್ದರು. ಜೊತೆಗೆ ಅವರ ಮಗಳು ಚೆನ್ನವ್ವ ಬರುತ್ತಿದ್ದಳು. ಕೊಕ್ಕೆ ಒರೆಸಿ ಕೊಡಲು, ನೀರು ಕೊಡಲು ಬರುತ್ತಾಳೆಂದು ಎಲ್ಲರೂ ತಿಳಿದಿದ್ದರು.

ಕೆಲಸ ಹೀಗೆ. ಮುಂದೆ ಕೂತವನು ಫಣಿಯೊಳಗಿಂದ, ವಯಿಯ ಕಣ್ಣೊಳಗಿಂದ ಒಂದು ಚಪ್ಪಟೆ ಕೊಕ್ಕೆಯನ್ನು ಹಿಂದಕ್ಕೆ ತೂರಿಸುತ್ತಾನೆ. ಹಿಂದೆ ಕೂತವನು ಸರದಿಯ ಎಳೆಯನ್ನು ಆರಿಸಿ ಕೊಕ್ಕೆಗೆ ಹಾಕುತ್ತಾನೆ. ಅವನು ಎಳೆದುಕೊಳ್ಳುತ್ತಾನೆ. ಮತ್ತೆ ಕೊಕ್ಕೆ, ಮತ್ತೆ ಎಳೆ. ಇಬ್ಬರ ನಡುವೆ ಸಾವಿರಾರು ದಾರದ ಪರದೆ. ಮುಖ ಪೂರ್ತಿ ಕಾಣುವುದಿಲ್ಲ, ಗೆರೆ ಗೆರೆಯಾಗಿ ಕಾಣುತ್ತದೆ. ಎಳೆ ಎಷ್ಟನೆಯ ಕಣ್ಣಿಗೆ ಹೋಗಬೇಕೆಂದು ಕಲ್ಲಪ್ಪ ಎಣಿಕೆ ಹೇಳುತ್ತಿದ್ದರು: "ಒಂದು, ಮೂರು, ಎರಡು, ನಾಲ್ಕು." ನಾನು ಎಳೆ ಕೊಡುತ್ತಿದ್ದೆ. ಐವತ್ತು ಎಳೆ ಆಗುವವರೆಗೆ ನನಗೆ ಬೆರಳೊಂದೇ ಕಂಡಿತು. ಆಮೇಲೆ ಕಂಡಿತು, ಕೊಕ್ಕೆ ಹಿಡಿದ ಕೈಯಲ್ಲಿ ಹಸಿರು ಬಳೆ ಇದ್ದವು.

ನಾನು ಬಗ್ಗಿ ನೋಡಿದೆ. ಕಲ್ಲಪ್ಪ ಕೈ ಚಾಚಿ ಕೂತಿದ್ದರು. ಅವರ ತೋಳಿನ ಕೆಳಗಿಂದ ಚೆನ್ನವ್ವನ ಕೈ ಬಂದು ಕೊಕ್ಕೆ ಆಡಿಸುತ್ತಿತ್ತು. ಯಾರಾದರೂ ಹತ್ತಿರ ಬಂದರೆ ಅವಳು ಕೊಕ್ಕೆಯನ್ನು ಅಪ್ಪನ ಬೆರಳಿಗೆ ಸಿಕ್ಕಿಸುತ್ತಿದ್ದಳು. ಅವರು ಹೋದ ಮೇಲೆ ಮತ್ತೆ ತೆಗೆದುಕೊಳ್ಳುತ್ತಿದ್ದಳು. ಮುಂದಿನಿಂದ ನೋಡುವವರಿಗೆ ಕಲ್ಲಪ್ಪನ ಅಗಲ ಬೆನ್ನು ಮಾತ್ರ ಕಾಣುತ್ತಿತ್ತು. ಹಿಂದೆ ಕೂತವನಿಗೆ ಮಾತ್ರ ಇದು ತಿಳಿಯಬೇಕು. ಅವರೊಡನೆ ಮೊದಲು ಹಿಂದೆ ಕೂರುತ್ತಿದ್ದ ಮುದುಕ ತೀರಿಕೊಂಡಿದ್ದ, ಆ ಜಾಗಕ್ಕೆ ನಾನು ಬಂದಿದ್ದೆ.

ಮಧ್ಯಾಹ್ನ ನೀರಿನ ಹಂಡೆಯ ಬಳಿ ಅವಳೇ ಬಂದಳು.

"ನೋಡಿದ್ರಿ?"

"ನೋಡ್ದೆ."

"ಅಪ್ಪಗ ಕಣ್ಣು ಕಾಣಂಗಿಲ್ರಿ. ಒಂದೂವರಿ ವರ್ಷ ಆತು. ಲೆಕ್ಕ ಅವಂದು, ಕೈ ನಂದು. ಹೆಣ್ಣು ಹುಡುಗಿ ಫಣಿ ತುಂಬತಾಳಂದ್ರ ಯಾವ ಮಾಲಕ ಒಪ್ತಾನ್ರಿ? ಮನಿಯಾಗ ಅವ್ವ ಇಲ್ಲ, ಇಬ್ಬರು ತಂಗ್ಯಾರು ಅದಾರ. ನೀವು ಬಾಯಿ ತೆಗದ್ರ ನಮ್ಮ ಒಲಿ ಆರತೈತಿ."

"ನಾ ಯಾಕ ಹೇಳ್ಲಿ?"

"ಯಾಕ ಹೇಳಂಗಿಲ್ಲ?" ಎಂದು ಅವಳು ನನ್ನನ್ನೇ ಕೇಳಿದಳು. ಹಂಡೆಯ ನೀರು ಕುಡಿದು ಹೋಗಿ ಕೂತೆ.

ಎರಡನೆಯ ದಿನ ಸಂಜೆ ಕೊನೆಯ ಎಳೆ ಹೋದಾಗ ಕಲ್ಲಪ್ಪ ಮಗಳ ಹೆಗಲು ಹಿಡಿದು ಮಗ್ಗದ ಹಿಂದೆ ಬಂದು ಎಳೆಗಳ ಮೇಲೆ ಅಂಗೈ ಆಡಿಸಿದರು. "ಯಾರವಾ ಇವಾ, ಎಳಿ ಕೊಟ್ಟಾವ? ಎರಡು ಸಾವಿರದಾಗ ಒಂದೂ ಅಡ್ಡ ಬಂದಿಲ್ಲ. ತಮ್ಮಾ, ನನ್ನ ಜೋಡಿ ಬರ್ತೀಯೇನು?" ಎಂದರು. ಇಪ್ಪತ್ತೊಂದು ವರ್ಷದಲ್ಲಿ ನನ್ನನ್ನು ಯಾರಾದರೂ ಹೊಗಳಿದ್ದು ಅದೇ ಮೊದಲು. ಬರುತ್ತೇನೆ ಎಂದೆ.

ಮಾವನಿಗೆ ಸಿಟ್ಟು ಬಂತು. "ಮಗ್ಗ ನಡಸಾಕ ಕರಕೊಂಡು ಬಂದ್ರ ಎಳಿ ಎಣಸಾಕ ಹೊಂಟಿ. ಅದೇನು ಕೆಲಸೇನಲೇ? ಎದುರಿಗೆ ಹುಡುಗಿ ಕೂತಾಳಂತ ಹೋಗಾಕತ್ತಿ, ನಾ ಏನು ಕುರುಡ ಅಲ್ಲ" ಎಂದ. ಕುರುಡ ಎಂಬ ಮಾತಿಗೆ ನಾನು ಬೆಚ್ಚಿದೆ. ಆಮೇಲೆ ಅವನ ಉಳಿದ ಮಾತನ್ನು ಯೋಚಿಸಿದೆ. ಹುಡುಗಿಗಾಗಿ ಹೋಗುತ್ತಿದ್ದೇನೆಯೋ, ಒಂದು ಹೊಗಳಿಕೆಗಾಗಿ ಹೋಗುತ್ತಿದ್ದೇನೆಯೋ, ಮಾವನ ಎರಡು ಮಗ್ಗಗಳ ಸಪ್ಪಳ ತಪ್ಪಿಸಿಕೊಳ್ಳಲು ಹೋಗುತ್ತಿದ್ದೇನೆಯೋ? ಎಲ್ಲವೂ ಸ್ವಲ್ಪ ಸ್ವಲ್ಪ ಖರೆ ಅನಿಸಿತು.

ಆ ವರ್ಷ ಪೂರ್ತಿ ನಾವು ಮೂವರೂ ಶೆಡ್ಡಿನಿಂದ ಶೆಡ್ಡಿಗೆ ತಿರುಗಿದೆವು. ಕಲ್ಲಪ್ಪ ನನಗೆ ಕಣ್ಣು ಮುಚ್ಚಿ ಬೆರಳಿನಿಂದಲೇ ಎಳೆ ಬೇರೆ ಮಾಡಲು ಕಲಿಸಿದರು. "ಕಣ್ಣು ಮೋಸ ಮಾಡ್ತಾವ, ಬೆರಳು ಮಾಡಂಗಿಲ್ಲ" ಎನ್ನುತ್ತಿದ್ದರು. ಚೆನ್ನವ್ವ ಮತ್ತು ನಾನು ಕೆಲಸದ ನಡುವೆ ಒಂದೊಂದು ಮಾತಾಡುತ್ತಿದ್ದೆವು. ಒಂದು ಮಾತು ಹೇಳಿ, ಎಂಟು ಎಳೆ ಕೊಟ್ಟು, ಅದಕ್ಕೆ ಉತ್ತರ ಪಡೆದು, ಮತ್ತೆ ಎಂಟು ಎಳೆ. ಒಂದು ಸಲ ಅವಳು ನನ್ನ ಕೊಲ್ಲಾಪುರದ ಕರಿ ಕಟ್ಟಿನ ಕಥೆ ಕೇಳಿ ನಕ್ಕಾಗ ಕೊಕ್ಕೆ ನಡುಗಿತು. ಕಲ್ಲಪ್ಪ, "ಎಣಿಕಿ ಮ್ಯಾಲೆ ಲಕ್ಷ್ಯ ಇರಲಿ" ಎಂದರು. ಬಯಲಿಗೆ ಬಂದರೆ ನಾವಿಬ್ಬರೂ ಮಾತೇ ಆಡುತ್ತಿರಲಿಲ್ಲ. ಬೀದಿಯಲ್ಲಿ ಎದುರಾದರೆ ಅವಳ ಮುಖ ಗೆರೆಗಳಿಲ್ಲದೆ ಪೂರ್ತಿ ಕಾಣುತ್ತಿತ್ತು, ನನಗೆ ಯಾರೋ ಬೇರೆಯವರನ್ನು ನೋಡಿದಂತೆ ಗಾಬರಿಯಾಗುತ್ತಿತ್ತು. ಇದು ಪ್ರೀತಿಯೇ ಎಂದು ಯಾರನ್ನು ಕೇಳುವುದು? ಮಾವನನ್ನು ಕೇಳಿದ್ದರೆ ಕಪಾಳಕ್ಕೆ ಬಿಡುತ್ತಿದ್ದ.

ಮುಂದಿನ ಬೇಸಗೆಯಲ್ಲಿ ಅದೇ ಮೊದಲ ಮಾಲಕರು ಹೊಸ ನಮೂನೆಯ ಸೀರೆ ಹಾಕಿದರು. ದಡಿಯಲ್ಲಿ ಗರಗಸದ ಹಲ್ಲಿನಂಥ ಕೆಂಪು ಸಾಲು. ಫಣಿ ತುಂಬಲು ನಾವೇ ಹೋದೆವು. ಮಗ್ಗ ಶುರುವಾಗಿ ನಾಲ್ಕು ದಿನ ಕಳೆದ ಮೇಲೆ ವ್ಯಾಪಾರಿಯೊಬ್ಬ ಸೀರೆ ಬಿಚ್ಚಿ ನೋಡಿ, ದಡಿಯ ಉದ್ದಕ್ಕೂ ಪ್ರತಿ ಹಲ್ಲಿನಲ್ಲಿ ಒಂದು ಮುರುಕು ಇದೆ ಎಂದು ತೋರಿಸಿದ. ಮೊದಲ ಸೀರೆಯಿಂದ ಕೊನೆಯ ಸೀರೆಯವರೆಗೆ ಎಲ್ಲದರಲ್ಲೂ ಅದೇ ಮುರುಕು. ಆ ನಾಲ್ಕು ದಿನ ನೇಯ್ದದ್ದೆಲ್ಲ ಕೆಟ್ಟಿತು. ಮಗ್ಗ ನಿಲ್ಲಿಸಿ ನಮಗೆ ಹೇಳಿ ಕಳಿಸಿದರು.

ಇಲ್ಲಿ ಒಂದು ವಿಷಯ ತಿಳಿದುಕೊಳ್ಳಿ. ಇಂಥ ಮುರುಕು ಎರಡು ರೀತಿಯಲ್ಲಿ ಬರುತ್ತದೆ. ಮುಂದಿನವನು ಒಂದು ಕಣ್ಣು ತಪ್ಪಿಸಿ ಇನ್ನೊಂದಕ್ಕೆ ಕೊಕ್ಕೆ ಹಾಕಿದರೆ ಬರುತ್ತದೆ. ಆಗ ಮಗ್ಗದ ಹಿಂದೆ ಹೋಗಿ ನೋಡಿದರೆ ಎಳೆಗಳು ನೆಟ್ಟಗೇ ಇರುತ್ತವೆ. ಹಿಂದಿನವನು ಸರದಿ ತಪ್ಪಿಸಿ ಎಳೆ ಕೊಟ್ಟರೂ ಬರುತ್ತದೆ. ಆಗ ಹಿಂದೆ ಎರಡು ಎಳೆ ಒಂದರ ಮೇಲೊಂದು ಅಡ್ಡ ಬಿದ್ದಿರುತ್ತವೆ. ತಪ್ಪು ಯಾರದೆಂದು ಮಗ್ಗವೇ ಹೇಳಿಬಿಡುತ್ತದೆ.

ನಾವು ಹೋದಾಗ ಊಟದ ಬಿಡುವು. ಮಾಲಕರು ಇನ್ನೂ ಬಂದಿರಲಿಲ್ಲ. ಚೆನ್ನವ್ವ ಅಪ್ಪನನ್ನು ಒಂದು ಡಬ್ಬದ ಮೇಲೆ ಕೂರಿಸಿ, ಏನಾಗಿದೆ ನೋಡುತ್ತೇನೆಂದು ಮಗ್ಗದ ಹಿಂದೆ ಹೋದಳು. ನಾನು ಬಾಗಿಲ ಬಳಿ ನಿಂತಿದ್ದೆ. ಸ್ವಲ್ಪ ಹೊತ್ತಿನ ಮೇಲೆ ಬಂದು ಅಪ್ಪನ ಪಕ್ಕ ನಿಂತಳು. ನನ್ನ ಕಡೆ ನೋಡಲಿಲ್ಲ. ಮುಖ ಬಿಳಿಚಿತ್ತು. ಹಿಂದೆ ಎಳೆ ನೆಟ್ಟಗೇ ಇವೆ, ತಪ್ಪು ಮುಂದಿನದು ಎಂದು ಕಂಡು ಹೆದರಿದ್ದಾಳೆ, ಹಾಗೆಂದು ನಾನು ತಿಳಿದೆ.

ಮಾಲಕರು ಬಂದರು. ಜಾಬರ್ ದತ್ತೂಬಾ ಬಂದ, ಮಾವನೂ ಬಂದ. ಮಾಲಕರು ಸೀರೆಯನ್ನು ಕಲ್ಲಪ್ಪನ ಮಡಿಲಿಗೆ ಎಸೆದು, "ನೋಡು, ನೀನು ಮಾಡಿದ್ದು ನೋಡು" ಎಂದರು, ಕನ್ನಡದಲ್ಲೇ. ಕಲ್ಲಪ್ಪ ಸೀರೆಯ ದಡಿಯನ್ನು ಬೆರಳಲ್ಲಿ ಸವರುತ್ತ ಹೋದರು.

"ಕಲ್ಲಪ್ಪಾ, ಊರ ಮಂದಿ ಏನೇನೋ ಮಾತಾಡಾಕತ್ತಾರ. ಏಳು. ಆ ಮಗ್ಗದಾಗ ಹತ್ತು ಎಳಿ ಕಡದು ನನ್ನ ಮುಂದ ನೀನೊಬ್ಬನ ತುಂಬಿ ತೋರಸು. ಮಗಳು ಇತ್ತಾಗ ನಿಂದರಲಿ."

ಕಲ್ಲಪ್ಪ ಏಳಲು ಡಬ್ಬದ ಮೇಲೆ ಕೈ ಊರಿದರು. ಅವರು ಎದ್ದು ನಾಲ್ಕು ಹೆಜ್ಜೆ ಇಟ್ಟರೆ ಸಾಕಿತ್ತು, ಎಲ್ಲ ಮುಗಿಯುತ್ತಿತ್ತು.

"ತಪ್ಪು ನಂದ್ರಿ" ಎಂದೆ. ನನ್ನ ದನಿ ನನಗೇ ಕೇಳಿಸಿತು. "ನಾ ಎಳಿ ಅಡ್ಡ ಕೊಟ್ಟೇನ್ರಿ. ಕಾಕಾಂದು ಏನೂ ತಪ್ಪಿಲ್ಲ."

ಹೇಳಿದ ಮೇಲೆ ಮುಂದಿನದು ಹೊಳೆಯಿತು. ದತ್ತೂಬಾ ಈಗ ಹಿಂದೆ ಹೋಗಿ ನೋಡುತ್ತಾನೆ, ಎಳೆ ನೆಟ್ಟಗಿರುತ್ತವೆ, ನಾನು ಸುಳ್ಳುಗಾರನಾಗುತ್ತೇನೆ, ಕಲ್ಲಪ್ಪ ಇನ್ನೂ ಆಳಕ್ಕೆ ಬೀಳುತ್ತಾರೆ. ಹಾಗೇ ಆಯಿತು, ದತ್ತೂಬಾ ಹಿಂದೆ ಹೋದ. ಬಗ್ಗಿದ. ಬಹಳ ಹೊತ್ತು ಬಗ್ಗಿಯೇ ಇದ್ದ. ಎದ್ದು ಬಂದು ಕೈ ಒರೆಸಿಕೊಳ್ಳುತ್ತ ನನ್ನ ಮುಖವನ್ನೊಮ್ಮೆ, ಚೆನ್ನವ್ವನ ಮುಖವನ್ನೊಮ್ಮೆ ನೋಡಿ, "ಹ್ಯಾಚೀಚ ಚೂಕ" ಎಂದ. ಇವನದೇ ತಪ್ಪು.

ಹಾಗಾದರೆ ನಿಜವಾಗಿಯೂ ನಾನೇ ಅಡ್ಡ ಕೊಟ್ಟಿದ್ದೆನೇ? ಇಲ್ಲವೇ ದತ್ತೂಬಾ ಕನಿಕರದಿಂದ ಸುಳ್ಳು ಹೇಳಿದನೇ? ಕೇಳುವಂತಿರಲಿಲ್ಲ. "ಇನ್ನ ಮ್ಯಾಲೆ ನನ್ನ ಶೆಡ್ಡಿನಾಗ ಕಾಲಿಡಬ್ಯಾಡ" ಎಂದರು ಮಾಲಕರು. ಮಾವ ನನ್ನ ರಟ್ಟೆ ಹಿಡಿದು ಹೊರಗೆ ತಂದು, "ನಿನ್ನ ಹಣ್ಯಾಗ ಬರದಿದ್ದು ಶೇಪಟಿನ ನೋಡು" ಎಂದ. ಅವತ್ತೇ ಗಂಟು ಕಟ್ಟಿದೆ. ಚೆನ್ನವ್ವನಿಗೆ ಹೇಳಿ ಹೋಗಲು ಧೈರ್ಯ ಬರಲಿಲ್ಲ.

ಗಡಹಿಂಗ್ಲಜದಲ್ಲಿ ಅಪ್ಪ ಏನೂ ಕೇಳಲಿಲ್ಲ. ಬೆಲ್ಲದ ಪೆಂಟಿ ಹೊರಲು ಜೊತೆಗೆ ಕರೆದುಕೊಂಡು ಹೋದ, ಅಷ್ಟೆ. ಒಂದೂವರೆ ತಿಂಗಳು ಪೆಂಟಿ ಹೊತ್ತೆ. ಹೆಗಲು ಬೆಲ್ಲ ಹೊರುತ್ತಿತ್ತು, ಬೆರಳು ಮಾತ್ರ ಸುಮ್ಮನಿರುತ್ತಿರಲಿಲ್ಲ, ಗೋಣಿಚೀಲದ ನೂಲನ್ನು ಬಿಡಿಸಿ ಸರದಿ ಹಚ್ಚುತ್ತ ಕೂರುತ್ತಿದ್ದವು. ಅವಳ ನೆನಪು ಬಂದಾಗ ಸರದಿ ತಪ್ಪುತ್ತಿತ್ತು. ಆಗ ನನಗೊಂದು ಸಮಾಧಾನವಿತ್ತು. ಜೀವನದಲ್ಲಿ ಒಂದೇ ಒಂದು ಸಲ, ಯಾರೂ ಹೇಳದೆ, ನಾನಾಗಿ ನಿಂತು ಒಂದು ಮಾತು ಆಡಿದ್ದೆ, ಮತ್ತು ಒಂದು ಮನೆಯ ಒಲೆ ಆರದಂತೆ ಮಾಡಿದ್ದೆ. ಉಳಿದದ್ದೆಲ್ಲ ಗೊಂದಲ, ಇದೊಂದು ಮಾತ್ರ ನಿಚ್ಚಳ ಎಂದುಕೊಂಡಿದ್ದೆ.

ಒಂದು ಮಧ್ಯಾಹ್ನ ಪೇಟೆಯಲ್ಲಿ ಪೆಂಟಿ ಇಳಿಸಿ ಬೆವರು ಒರೆಸಿಕೊಳ್ಳುತ್ತಿದ್ದಾಗ ಎದುರಿಗೆ ಕಲ್ಲಪ್ಪ ನಿಂತಿದ್ದರು, ಮಗಳ ಕೈ ಹಿಡಿದುಕೊಂಡು. ಚೆನ್ನವ್ವ ತಲೆಯ ಮೇಲೆ ಸೆರಗು ಹೊದ್ದು ನೆಲ ನೋಡುತ್ತಿದ್ದಳು.

"ಬಾಳಪ್ಪಾ, ಎದುರಿಗೆ ನೀನ ಅದೀಯೇನು?"

"ಹೌದ್ರಿ ಕಾಕಾ."

"ಮಾಲಕರ ಮುಂದ ಹೋಗಿ ಎಲ್ಲಾ ಹೇಳಿಬಿಟ್ಟೆ ತಮ್ಮಾ. ಕಣ್ಣು ಹೋಗ್ಯಾವ ಅಂದೆ. ಎಣಿಕಿ ನಾನ ತಪ್ಪ ಹೇಳಿರ್ಬೇಕು, ಆ ಹುಡುಗಂದು ತಪ್ಪಿಲ್ಲ ಅಂದೆ. ಅವರೇನಂದ್ರು ಗೊತ್ತೈತೇನು? ಅವಾ ನಂದಂದ, ಈಗ ನೀ ನಂದಂತಿ, ನನ್ನ ತಲಿ ಕೆಟ್ಟು ಹೋತು. ನಿನ್ನ ಲೆಕ್ಕ ನನಗ ಬೇಕು, ಎಲ್ಲಿಂದಾರ ಕಣ್ಣು ತಗೊಂಡು ಬಾ ಅಂದ್ರು. ಅದಕ್ಕ ಬಂದೇನಿ. ಲೆಕ್ಕ ಎಲ್ಲಾ ನಿನಗ ಕೊಡ್ತೇನಿ. ಬರ್ತೀಯೇನು?"

ಅಪ್ಪ ದೂರದಲ್ಲಿ ನಿಂತು ಕೇಳುತ್ತಿದ್ದ. ಹತ್ತಿರ ಬಂದು ನನ್ನ ಹೆಗಲ ಮೇಲಿನ ಗೋಣಿಪಟ್ಟಿಯನ್ನು ತೆಗೆದುಕೊಂಡು, "ಹೋಗು, ಇಲ್ಲಿ ನಿನ್ನ ಹೆಗಲು ಐತಿ ಖರೆ, ನೀ ಇಲ್ಲ" ಎಂದ. ಕೊಲ್ಲಾಪುರದ ಮಾಲಕನೂ ಹೀಗೇ ಅಂದಿದ್ದ. ಆದರೆ ಈ ಸಲ ನನಗೆ ಅಳು ಬಂತು.

ಮೂರು ವರ್ಷ ನಾನು ಮುಂದೆ ಕೂತು ಕೊಕ್ಕೆ ಹಿಡಿದೆ, ಕಲ್ಲಪ್ಪ ಪಕ್ಕದಲ್ಲಿ ಕೂತು ಲೆಕ್ಕ ಹೇಳಿದರು, ಚೆನ್ನವ್ವ ಹಿಂದೆ ಕೂತು ಎಳೆ ಕೊಟ್ಟಳು. ಹಿಂದೆ ಕೂತ ಹೆಣ್ಣಿನ ಬಗ್ಗೆ ಯಾವ ಮಾಲಕರದೂ ತಕರಾರಿರಲಿಲ್ಲ. ಮೊದಮೊದಲು ನಾನು ಮಾಡಿದ ತಪ್ಪುಗಳಿಗೆ ಲೆಕ್ಕವಿಲ್ಲ. ಒಮ್ಮೆ ಬಲದಡಿಯ ಲೆಕ್ಕವನ್ನು ಎಡದಡಿಗೆ ಹಾಕಿ, ಪೂರ್ತಿ ಒಂದು ದಿನದ ಕೆಲಸ ಬಿಚ್ಚಬೇಕಾಯಿತು. ಕಲ್ಲಪ್ಪ ಬೈಯುತ್ತಿರಲಿಲ್ಲ, ಮತ್ತೆ "ಒಂದು" ಎನ್ನುತ್ತಿದ್ದರು, ಅದು ಬೈಗುಳಕ್ಕಿಂತ ಹೆಚ್ಚು ನೋಯುತ್ತಿತ್ತು. ಎರಡನೆಯ ವರ್ಷ ಸುಳಕೂಡದಲ್ಲಿ ನಮ್ಮ ಮದುವೆಯಾಯಿತು. ಮಾವ ರಾಯಪ್ಪ ಪಂಕ್ತಿಯಲ್ಲಿ ಎರಡು ಸಲ ಬುಂದಿ ಹಾಕಿಸಿಕೊಂಡು, "ನಾ ಏನು ಕುರುಡ ಅಲ್ಲಂತ ಅವತ್ತ ಹೇಳಿದ್ದೆ" ಎಂದು ಎಲ್ಲರಿಗೂ ಹೇಳಿದ. ಅದರ ಮುಂದಿನ ವರ್ಷ ಕಲ್ಲಪ್ಪ ಹೋದರು. ಲೆಕ್ಕಗಳು ನನ್ನ ತಲೆಗೆ ಬಂದಿದ್ದವು.

ದಾರದ ವಯಿ ಹೋಗಿ ತಂತಿಯ ವಯಿ ಬಂದದ್ದು ಆ ಸುಮಾರಿಗೆ. ಕೊಕ್ಕೆ ಸಲೀಸಾಗಿ ಹೋಗುತ್ತಿತ್ತು, ಕೆಲಸ ಬೇಗ ಆಗುತ್ತಿತ್ತು, ಆದರೆ ತಂತಿ ಬೆರಳಿಗೆ ತಣ್ಣಗೆ, ಅದಕ್ಕೆ ನಾನು ಒಗ್ಗಲು ತಡವಾಯಿತು. ಅರವತ್ತರ ದಶಕ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ನಾವಿಬ್ಬರೂ ಅಂಥದೇ ಗರಗಸ ಹಲ್ಲಿನ ದಡಿ ತುಂಬುತ್ತಿದ್ದೆವು. ನನಗೆ ಹಳೆಯದು ನೆನಪಾಗಿ, "ಅವತ್ತ ನಾ ಖರೇನ ಅಡ್ಡ ಕೊಟ್ಟಿದ್ನೋ, ದತ್ತೂಬಾ ನನ್ನ ಉಳಸಿದ್ನೋ, ಇನ್ನೂ ತಿಳೀವಲ್ದು ನೋಡು" ಎಂದೆ. ದತ್ತೂಬಾ ಅಷ್ಟರಲ್ಲಿ ಈ ಲೋಕ ಬಿಟ್ಟಿದ್ದ.

ಎಂಟು ಎಳೆ ಹೋದವು. ಆಮೇಲೆ ದಾರಗಳ ಆಚೆಯಿಂದ ಅವಳ ದನಿ ಬಂತು.

"ನೀವು ಅಡ್ಡ ಕೊಟ್ಟಿದ್ದಿಲ್ಲ. ಅಪ್ಪಾನೂ ಲೆಕ್ಕ ತಪ್ಪಿದ್ದಿಲ್ಲ. ಕೊಕ್ಕಿ ನಂದು. ಅಪ್ಪ ಮೂರು ಅಂದ, ನಾ ಎರಡಕ್ಕ ಹಾಕಿದ್ದೆ. ಆಗ ನೀವು, ಊರಿಗೆ ಹೊಂಟೇನಿ, ಏನಾರ ತರಲೇನು ಅಂತ ಕೇಳಿದ್ರಿ."

"ಹಿಂದ ಎಳಿ ನೆಟ್ಟಗಿದ್ರ ದತ್ತೂಬಾ ಏನು ನೋಡ್ದ?"

"ನೆಟ್ಟಗಿದ್ದಿಲ್ಲ. ಮಾಲಕ್ರು ಬರೂದ್ರಾಗ ನಾ ಹಿಂದ ಹೋಗಿ ಎರಡು ಎಳಿ ಕಡದು, ಅಡ್ಡ ಮಾಡಿ ಗಂಟು ಹಾಕಿದ್ದೆ."

ನನ್ನ ಕೈ ನಿಂತಿತು. ಅದರ ಅರ್ಥ ಮೆಲ್ಲಗೆ ತಲೆಗೆ ಹತ್ತಿತು. ನಾನು ಬಾಯಿ ತೆರೆಯುವುದಕ್ಕೆ ಮೊದಲೇ ಅವಳು ತಪ್ಪನ್ನು ನನ್ನ ತಲೆಗೆ ಕಟ್ಟಿ ಬಂದಿದ್ದಳು. ನನ್ನ ಬಾಳಿನ ಒಂದೇ ನಿಚ್ಚಳ ಮಾತು ಎಂದು ಹತ್ತು ವರ್ಷ ಎದೆಯಲ್ಲಿ ಇಟ್ಟುಕೊಂಡದ್ದು, ಹೇಳದಿದ್ದರೂ ನಡೆದೇ ನಡೆಯುತ್ತಿತ್ತು. ಸಿಟ್ಟು ಬಂತು. ಬಹಳ ಸಿಟ್ಟು ಬಂತು.

"ನನ್ನ ಹೊರಗ ಹಾಕಸಾಕ ನೀನ ಗಂಟು ಹಾಕಿದ್ದಿ."

"ಹಾಕಿದ್ದೆ. ಅಪ್ಪ ಒಂದು ಕಡೆ, ನೀವು ಒಂದು ಕಡೆ. ನೀವು ಆಗ ನನಗ ಯಾರು?"

"ಹಂಗಾರ ಆಮ್ಯಾಲೆ ಯಾಕ ಲಗ್ನ ಆದಿ? ಪಾಪ ಅಂತೇನು?"

ಗೆರೆಗಳ ನಡುವೆ ಅವಳ ಕಣ್ಣು ನನ್ನನ್ನೇ ನೋಡುತ್ತಿದ್ದವು.

"ಮಾಲಕ್ರ ಮುಂದ ನೀವು ನಂದು ಅಂದ್ರಲ್ಲ, ಆಗ ನನಗ ನೆಲಾ ಬಿರೀಬಾರದ ಅನಿಸ್ತು. ಒಂದೂವರಿ ತಿಂಗಳು ಊಟ ಸೇರಲಿಲ್ಲ. ಅಪ್ಪಗ ಹಗಲೆಲ್ಲಾ ಬೆನ್ನ ಹತ್ತಿದೆ. ಹೋಗಿ ಮಾಲಕ್ರಿಗೆ ಹೇಳು, ಆ ಮನಿಶ್ಯಾನ ಕರಕೊಂಡು ಬರೂಣು ಅಂದೆ. ಒಲಿ ಆರಿದ್ರ ಆರ್ಲಿ ಅಂದೆ."

"ನಿಮ್ಮಪ್ಪ ನಿನ್ನ ಕರಕೊಂಡು ಬಂದಿದ್ನಲ್ಲ."

"ಕಣ್ಣಿಲ್ಲದ ಮನಿಶ್ಯಾ ಇಚಲಕರಂಜಿಯಿಂದ ಗಡಿಂಗ್ಲಜಕ್ಕ ಬಸ್ಸು ಹುಡಕ್ಯಾನೇನ್ರಿ? ಅಷ್ಟು ದೊಡ್ಡ ಬೆಲ್ಲದ ಪ್ಯಾಟ್ಯಾಗ ನಿಮ್ಮ ಮುಂದ ತಂದು ನಿಲ್ಲಿಸಿದಾಕಿ ಯಾರು?"

ಆ ಮಧ್ಯಾಹ್ನ ಅವರಿಬ್ಬರೂ ಕೈ ಹಿಡಿದು ನಿಂತದ್ದು ಕಣ್ಣಿಗೆ ಕಟ್ಟಿತು. ಯಾರು ಯಾರ ಕೈ ಹಿಡಿದಿದ್ದರು ಎಂದು ಇಷ್ಟು ವರ್ಷ ನಾನು ನೋಡಿಯೇ ಇರಲಿಲ್ಲ.

"ಎಳಿ ಹಿಡದು ಕೈ ನೋಯಾಕತ್ತೈತಿ" ಎಂದಳು ಚೆನ್ನವ್ವ. "ಕೊಕ್ಕಿ ಬರ್ಲಿ."

ಎಷ್ಟಕ್ಕೆ ನಿಲ್ಲಿಸಿದ್ದೆನೆಂದು ನನಗೆ ಮರೆತುಹೋಗಿತ್ತು. ಅವಳೇ ಹೇಳಿದಳು, "ಮೂರು." ನಾನು ಮೂರನೆಯ ಕಣ್ಣಿಗೆ ಕೊಕ್ಕೆ ತೂರಿಸಿದೆ.